ತಂಗಿಯ ವೆಬ್‌ಸೈಟಿಗೆ ನಾನು ಹಾಕಿಸಿದ ಸೀರಿಯಲ್ ಸೆಟ್ಟು

ನನ್ನ ಕಸುಬು ದೀಪ ಕಟ್ಟುವುದು. ಹೊಳೆನರಸೀಪುರದ ಸುತ್ತಮುತ್ತ ಮದುವೆ, ಗೃಹಪ್ರವೇಶ, ಏನೇ ಇದ್ದರೂ ಮನೆಯ ಮುಂದೆ ಸೀರಿಯಲ್ ಸೆಟ್ಟು ಇಳಿಬಿಡುವವನು, ಚಪ್ಪರದ ಬಾಗಿಲಿಗೆ ಓಡುವ ದೀಪ ಹಾಕುವವನು ನಾನು. ಓದಿದ್ದು ಏಳನೇ ಕ್ಲಾಸು. ಆ ಓದು ಗಂಡು ಹೆಣ್ಣಿನ ಹೆಸರನ್ನು ಬಲ್ಬಿನಲ್ಲಿ ಜೋಡಿಸುವುದಕ್ಕೆ ಸಾಕಾಗುತ್ತದೆ.

ನನ್ನ ತಂಗಿ ಡಿಗ್ರಿ ಮಾಡಿದವಳು. ಅವಳನ್ನು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಅಲ್ಲಿ ತೆಂಗಿನ ಸಸಿಯ ನರ್ಸರಿ ಮಾಡಿದ್ದಾಳೆ. ನಮ್ಮಿಬ್ಬರ ಬಗ್ಗೆ ಊರಲ್ಲಿ ಒಂದು ಮಾತಿದೆ: ತಂಗಿ ಓದಲಿ ಎಂದು ಅಣ್ಣ ಓದು ಬಿಟ್ಟ. ಯಾರು ಶುರು ಮಾಡಿದರೋ ತಿಳಿಯದು. ನಾನು ಹೌದೆಂದು ಹೇಳಿದವನಲ್ಲ, ಅಲ್ಲವೆಂದೂ ಹೇಳಿದವನಲ್ಲ. ಯಾರಾದರೂ ಆ ಮಾತು ಎತ್ತಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ತಲೆ ತಗ್ಗಿಸಿದವನನ್ನು ಜನ ಇನ್ನಷ್ಟು ಹೊಗಳುತ್ತಾರೆ.

ಸಸಿಯ ವ್ಯಾಪಾರ ಹೂವಿನ ವ್ಯಾಪಾರದ ಹಾಗೆ ಅಲ್ಲ, ಹಾಗೆಂದು ಕಬ್ಬಿಣದ ವ್ಯಾಪಾರವೂ ಅಲ್ಲ. ಬಿತ್ತನೆ ಕಾಯಿ ಆರಿಸಿ ಸಸಿಮಡಿಯಲ್ಲಿ ಊರಿ, ಮೊಳಕೆ ಬಂದದ್ದನ್ನು ಕವರಿಗೆ ತುಂಬಿ, ಸುಮಾರು ಒಂದು ವರ್ಷ ಸಾಕಬೇಕು. ಮುಂಗಾರು ಹಿಡಿದಾಗ ಮಾರಿಬಿಡಬೇಕು. ಆ ಒಂದೆರಡು ತಿಂಗಳು ತಪ್ಪಿದರೆ ಬೇರು ಕವರನ್ನು ತೂತು ಮಾಡಿಕೊಂಡು ನೆಲಕ್ಕೆ ಇಳಿಯುತ್ತದೆ. ಆಮೇಲೆ ಕಿತ್ತರೆ ಬೇರು ಹರಿಯುತ್ತದೆ. ಅದು ತಂಗಿಯ ಮೊದಲ ವರ್ಷ. ಅವಳ ನರ್ಸರಿ ದೊಡ್ಡ ರಸ್ತೆಯಿಂದ ಒಳಗೆ ಇದ್ದುದರಿಂದ, ಬೋರ್ಡು ಹಾಕಿದರೂ ಓದುವುದು ಎಮ್ಮೆಗಳು ಮಾತ್ರ. ಅದಕ್ಕೇ ವೆಬ್‌ಸೈಟು ಮಾಡಿಸಿದಳು.

ಹಾಸನದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಹುಡುಗಿ ವೆಬ್‌ಸೈಟು ಮಾಡಿಕೊಡುತ್ತಾಳೆ. ತಂಗಿ ಅವಳ ಹತ್ತಿರ ಎಲ್ಲ ಮಾತಾಡಿ ಮುಗಿಸಿದ್ದಳು. ಕೊನೆಗೆ ಫೋಟೋ ಕೊಟ್ಟು, ಒಂದು ಸಲ ನೋಡಿ ಸರಿಯಿದೆ ಎಂದು ಹೇಳಿ ಬರುವುದಷ್ಟೇ ಬಾಕಿ. ಮಡಿಯ ಕೆಲಸ ಬಿಟ್ಟು ಬರಲಾಗದೆ ಅವಳು ನನ್ನನ್ನು ಕಳಿಸಿದಳು.

ಹುಡುಗಿ ಕಂಪ್ಯೂಟರಿನಲ್ಲಿ ತೋರಿಸಿದಳು. ಬಿಳಿಯ ಹಾಳೆ. ಮೇಲೆ ಸಸಿಯ ಒಂದು ಫೋಟೋ. ಕೆಳಗೆ ಎತ್ತರದ ತಳಿ, ಗಿಡ್ಡ ತಳಿ. ಅದರ ಕೆಳಗೆ ಫೋನ್ ನಂಬರು, ಆರ್ಡರ್ ಮಾಡಲು ಒಂದು ಬಟನ್ನು. ಮುಗಿಯಿತು. ನಾನು ಇನ್ನೇನಾದರೂ ಬರುತ್ತದೆಂದು ಕಾದೆ. ಬರಲಿಲ್ಲ. ಸಾವಿನ ಮನೆಯ ಮುಂದೆ ಕಟ್ಟುವ ಒಂಟಿ ಬಲ್ಬು ನೆನಪಾಯಿತು.

"ಏನವ್ವ, ಇದು ಅಳ್ಳಾಡಕ್ಕಿಲ್ವಾ?" ಎಂದೆ.

"ಯಾಕಣ್ಣ ಅಳ್ಳಾಡ್ಬೇಕು? ವ್ಯಾಪಾರದ ಪೇಜು. ಜನ ಬರೋದು ಸಸಿ ನೋಡಕ್ಕೆ, ನಂಬರ್ ಹುಡ್ಕಕ್ಕೆ. ಅದು ಥಟ್ಟಂತ ಸಿಗ್ಬೇಕು."

"ಅಂಗಲ್ಲ ಕಣವ್ವ. ವಸಿ ಜೀವ ಬೇಡ್ವಾ?"

"ಜೀವ ಸಸೀಲಿದ್ರೆ ಸಾಕಲ್ವಾಣ್ಣ?"

ಒಳ್ಳೆಯ ಮಾತು. ಆದರೆ ಇಪ್ಪತ್ತು ವರ್ಷ ಬೀದಿಬೀದಿಗೆ ದೀಪ ಓಡಿಸಿದವನಿಗೆ ಒಬ್ಬ ಹುಡುಗಿ ಹೀಗೆ ಹೇಳಬಹುದೇ? ನನ್ನೊಳಗಿನ ಕಸುಬುದಾರ ಎದ್ದು ಕೂತ. ಅವನು ಎದ್ದರೆ ಅಣ್ಣ ಮಲಗುತ್ತಾನೆ.

"ನಮ್ ತಂಗೀನೇ ಯೋಳ್ಕಳ್ಸವ್ಳೆ," ಎಂದು ಸುಳ್ಳು ಹೇಳಿದೆ. "ಎಲ್ಲಾ ಕುಣೀಬೇಕಂತೆ."

"ಅಕ್ಕನೇ ಹೇಳಿದ್ರಾ? ನನ್ಹತ್ರ ಸಾದಾ ಇರ್ಲಿ ಅಂದಿದ್ರು. ಒಂದ್ಸಲ ಫೋನ್ ಮಾಡ್ತೀನಿ ಇರಿ."

"ತ್ವಾಟದಲ್ಲಿ ಅವ್ಳಿಗೆ ಸಿಗ್ನಲ್ ಸಿಗಕ್ಕಿಲ್ಲ ಬುಡವ್ವ."

ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತು ಬೇಕಾದ್ದನ್ನೆಲ್ಲ ಹಾಕಿಸಿದೆ. ಪೇಜು ತೆರೆದ ಕೂಡಲೇ ಮೇಲಿನಿಂದ ತೆಂಗಿನಕಾಯಿ ಒಂದೊಂದಾಗಿ ಬೀಳಬೇಕು, ಬಿದ್ದದ್ದು ಚೆಂಡಿನಂತೆ ಪುಟಿಯಬೇಕು. ಆಮೇಲೆ ಸುಸ್ವಾಗತ ಎಂಬುದು ಒಂದೊಂದು ಅಕ್ಷರವಾಗಿ ಹೊತ್ತಿಕೊಳ್ಳಬೇಕು. ಸುತ್ತಲೂ ಗರಿ ಬೀಸುತ್ತಿರಬೇಕು. ಆರ್ಡರ್ ಬಟನ್ನು ನಡುಗುತ್ತಿರಬೇಕು. ಫೋನ್ ನಂಬರು ಕೆಂಪು ಬಣ್ಣದಲ್ಲಿ ಆ ಕಡೆಯಿಂದ ಈ ಕಡೆಗೆ ಓಡಬೇಕು. ಆ ಹುಡುಗಿ ಹೇಳಿದ್ದನ್ನು ಮಾಡುತ್ತ ಹೋದಳು, ಒಂದೊಂದಕ್ಕೂ ಒಂದು ಸಣ್ಣ ನಿಟ್ಟುಸಿರು ಬಿಡುತ್ತ.

"ಅಣ್ಣ, ಹಳೇ ಫೋನಲ್ಲಿ ಇದು ತುಂಬ ನಿಧಾನ ಆಗತ್ತೆ. ಹಳ್ಳಿ ನೆಟ್‌ವರ್ಕಲ್ಲಿ ತೆರ್ಕೊಳ್ಳೋದೇ ಕಷ್ಟ. ಅಕ್ಕಂಗೆ ಮರೀದೆ ಹೇಳಿ."

"ಯೋಳ್ತೀನಿ, ಯೋಳ್ತೀನಿ."

ಹೇಳಲಿಲ್ಲ.

ತಂಗಿಯ ಮನೆಯ ಜಗಲಿಯಲ್ಲಿ ಕೂತು ಫೋನು ತೆರೆದೆವು. ನಮ್ಮವ್ವನೂ ಅಲ್ಲೇ ಇದ್ದಳು. ಬಿಳಿಯ ಪರದೆ ಬಹಳ ಹೊತ್ತು ಬಿಳಿಯಾಗೇ ಇತ್ತು. ಆಮೇಲೆ ಕಾಯಿ ಬೀಳತೊಡಗಿದವು.

"ಏನಣ್ಣ ಇದು, ಸಸಿ ಎಲ್ಲಿ?" ಎಂದಳು ತಂಗಿ.

"ಕಾಯಿ ಎಲ್ಲಾ ಬಿದ್ಮೇಲೆ ಬತ್ತದೆ ಇರು."

"ನಾನು ಸಾದಾ ಮಾಡು ಅಂದಿದ್ನಲ್ಲ ಆ ಹುಡ್ಗೀಗೆ?"

"ಈಗಿನ ಕಾಲ್ದೋರು ಕಣವ್ವ, ಓದಿರೋರು. ಅವ್ರಿಗೆ ಗೊತ್ತಿರ್ತದೆ. ಎಷ್ಟ್ ಚೆನ್ನಾಗ್ ಮಾಡವ್ಳೆ ನೋಡು!"

ನನ್ನ ಕೆಲಸವನ್ನು ಬೇರೆಯವರ ಹೆಸರಿನಲ್ಲಿ ಹೊಗಳುವುದರಲ್ಲಿ ಒಂದು ಸುಖವಿದೆ, ನಾಚಿಕೆಯಾಗುವುದಿಲ್ಲ. ಅವ್ವ ಮಾತ್ರ ಫೋನಿನೊಳಕ್ಕೆ ಬಗ್ಗಿ ನೋಡಿ, "ಇನ್ನೊಂದ್ಸಲ ಬೀಳ್ಸ್ಲಾ ಮಗ," ಎಂದಳು. ಆ ದಿನ ಹತ್ತು ಸಲ ಬೀಳಿಸಿದೆ. ಅವ್ವನಿಗೆ ಇಷ್ಟವಾಯಿತೆಂದು ತಂಗಿ ಸುಮ್ಮನಾದಳು. ಆದರೆ ನಮ್ಮವ್ವ ಸಸಿ ಕೊಳ್ಳುವವಳಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಚನ್ನರಾಯಪಟ್ಟಣದ ಕಾಯಿ ಮಾರ್ಕೆಟ್ಟಿನ ಸುತ್ತ, ಗೊಬ್ಬರದ ಅಂಗಡಿಗಳ ಗೋಡೆಗೆ ನೋಟೀಸು ಅಂಟಿಸಿದೆವು. ಸಸಿಯ ಚಿತ್ರ, ಅದರ ಕೆಳಗೆ ಸ್ಕ್ಯಾನ್ ಮಾಡುವ ಚೌಕ. ನೋಟೀಸಿನಲ್ಲಿ ಫೋನ್ ನಂಬರು ಬೇಡ ಎಂದವನೂ ನಾನೇ. ನಂಬರು ಅಲ್ಲೇ ಸಿಕ್ಕಿದರೆ ನನ್ನ ಕಾಯಿಗಳನ್ನು ಯಾರು ನೋಡುತ್ತಾರೆ?

ಮಳೆ ಹಿಡಿಯಿತು. ಅಕ್ಕಪಕ್ಕದ ನರ್ಸರಿಗಳಿಗೆ ಗೂಡ್ಸ್ ಆಟೋಗಳು ಬಂದು ಹೋಗುತ್ತಿದ್ದವು. ತಂಗಿಯ ನರ್ಸರಿಗೆ ಆರ್ಡರು ಬಂದರೆ ಒಬ್ಬನದೇ ಹೆಸರಿನಲ್ಲಿ ನಾಲ್ಕು ಬರುತ್ತಿದ್ದವು; ಒತ್ತಿದ್ದು ಹೋಯಿತೋ ಇಲ್ಲವೋ ತಿಳಿಯದೆ, ನಡುಗುವ ಬಟನ್ನನ್ನು ಜನ ಮತ್ತೆ ಮತ್ತೆ ಒತ್ತುತ್ತಿದ್ದರು. ಇವಳು ಫೋನ್ ಮಾಡಿ, "ನಾಕೂ ನಿಮ್ದೇನಾ?" ಎಂದು ಕೇಳಿದರೆ ಅವರಿಗೆ ಗಾಬರಿ. ಒಂದೂ ಬೇಡ ಎಂದುಬಿಡುತ್ತಿದ್ದರು.

ಒಂದು ದಿನ ಕಾಯಿ ಮಾರ್ಕೆಟ್ಟಿನ ಹತ್ತಿರ ಹಳೇಕೋಟೆಯ ಗೌಡರು ಸಿಕ್ಕರು. ಅವರ ಮಗಳ ಮದುವೆಗೆ ನಾನೇ ದೀಪ ಕಟ್ಟಿದ್ದೆ. ನೋಟೀಸಿನ ಮುಂದೆ ನಿಂತು, ಕನ್ನಡಕ ಹಣೆಗೇರಿಸಿ, ಫೋನಿನ ಮೇಲೆ ತೋರುಬೆರಳನ್ನು ಎತ್ತಿ ಎತ್ತಿ ಬಡಿಯುತ್ತಿದ್ದರು.

"ಲೇ ದೀಪದೋನೆ, ವಸಿ ಇಲ್ ಬಾ. ಇದ್ನ ಹಿಡ್ಕೊಡು."

"ಏನ್ ಹಿಡೀಬೇಕು ಗೌಡ್ರೆ?"

"ನಂಬರು ಕಣ್ಲಾ! ಆ ಕಡೆಯಿಂದ ಬತ್ತದೆ, ಬೆರಳು ಇಕ್ಕೋವಷ್ಟ್ರಲ್ಲಿ ಈ ಕಡೆ ಓಯ್ತದೆ. ಸಂತೇಲಿ ಕೋಳಿ ತಪ್ಪಿಸ್ಕಂಡಂಗೆ. ಮ್ಯಾಲಿಂದ ಕಾಯಿ ಬೇರೆ ಬೀಳ್ತವೆ. ನಮ್ ತ್ವಾಟದಲ್ಲೂ ನಾನು ಇಷ್ಟ್ ಎದ್ರಿರ್ಲಿಲ್ಲ."

ನಗು ಬಂತು. ನಗುತ್ತಲೇ, "ಎಷ್ಟ್ ಸಸಿ ಬೇಕಾಗಿತ್ತು?" ಎಂದು ಕೇಳಿದೆ.

"ನಮ್ಮೂರೋರು ನಾಕ್ ಜನ ಸೇರ್ಕಂಡು ತಗಳನ ಅಂತ. ಒಂದ್ ಲಾರಿ ಆಯ್ತದೆ."

ನಗು ಅಲ್ಲೇ ನಿಂತಿತು. ತಂಗಿಯ ನರ್ಸರಿಯಲ್ಲಿ ಉಳಿದದ್ದರಲ್ಲಿ ಅರ್ಧಕ್ಕರ್ಧ ಒಂದೇ ಲಾರಿಯಲ್ಲಿ ಹೋಗಿಬಿಡುತ್ತಿತ್ತು.

"ಯಾವನ್ಲಾ ತಲೆ ಕೆಟ್ಟೋನು ಇದ್ನ ಮಾಡಿರೋನು?" ಎಂದರು ಗೌಡರು.

"ಯಾರೋ ಹಾಸನದ ಹುಡ್ಗಿಯಂತೆ," ಎಂದೆ.

ಆ ಮಾತು ಆಡಿದ ಮೇಲೆ, ಇದು ನನ್ನ ತಂಗಿಯದೇ ನರ್ಸರಿ ಎನ್ನುವುದು ಹೇಗೆ? ಅವಳ ನಂಬರು ನನಗೆ ಬಾಯಿಪಾಠ. ಹತ್ತು ಅಂಕಿ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ನುಂಗಿಕೊಂಡೆ. ಗೌಡರು ಫೋನನ್ನು ಜೇಬಿಗೆ ಹಾಕಿ, "ಬುಡತ್ಲಾಗೆ. ರಸ್ತೆ ಪಕ್ಕ ಒಬ್ಬ ಬೋರ್ಡ್ ಬರ್ಸವ್ನೆ. ಅವನ್ ಬೋರ್ಡಾದ್ರೂ ಒಂದ್ ತಾವು ನಿಂತದೆ," ಎಂದು ಹೊರಟುಹೋದರು.

ಅದೇ ವಾರ ತಂಗಿಯ ತಾಳ್ಮೆ ಮುಗಿಯಿತು. ನಾನು ಅವಳ ಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದೆ. ಅವಳು ಎದುರಿಗೇ ನಿಂತು ಹಾಸನದ ಹುಡುಗಿಗೆ ಫೋನು ಹಚ್ಚಿದಳು. ಇಬ್ಬರ ಮಾತೂ ನನಗೆ ಕೇಳಿಸುತ್ತಿತ್ತು.

"ಏನಮ್ಮ, ಸಾದಾ ಮಾಡು ಅಂದ್ರೆ ಸರ್ಕಸ್ ಮಾಡ್ಕೊಟ್ಟಿದ್ದೀಯಲ್ಲ? ನನ್ ಸಸಿ ಎಲ್ಲಾ ನೆಲಕ್ಕೆ ಬೇರು ಬುಡ್ತಾವೆ ಇಲ್ಲಿ."

"ಅಕ್ಕ, ಅದು... ಅಣ್ಣ ಬಂದಿದ್ರಲ್ಲ, ಅವ್ರೇ..."

"ನಮ್ಮಣ್ಣನ್ ಮ್ಯಾಲೆ ಆಕ್ಬೇಡ ನೀನು! ಅವನು ನಂಗೋಸ್ಕರ ಓದು ಬುಟ್ಟೋನು. ಏಳನೇ ಕ್ಲಾಸು. ಅವನಿಗೇನ್ ಗೊತ್ತು ಪಾಪ ಇದೆಲ್ಲ?"

"ಸರಿ ಅಕ್ಕ," ಎಂದಳು ಹುಡುಗಿ ಆ ಕಡೆಯಿಂದ.

"ಮುಂದಿನ್ ಕೆಲ್ಸ ಬೇರೇರ ಹತ್ರ ಮಾಡಿಸ್ಕತೀನಿ," ಎಂದು ತಂಗಿ ಫೋನಿಟ್ಟಳು. ಇಟ್ಟು ನನ್ನ ಕಡೆ ತಿರುಗಿ, "ಉಣ್ಣಣ್ಣ ನೀನು, ತಲೆ ಕೆಡಿಸ್ಕಬೇಡ," ಎಂದು ಇನ್ನೊಂದು ಸೌಟು ಸಾರು ಹಾಕಿದಳು. ಮುದ್ದೆಯನ್ನು ಅಗಿಯದೆ ನುಂಗಬೇಕೆನ್ನುತ್ತಾರೆ. ಆ ದಿನ ಅದನ್ನು ನುಂಗುವುದಕ್ಕೂ ಆಗಲಿಲ್ಲ.

ಇದಾದ ಮೇಲೆ ಅರಕಲಗೂಡಿನಲ್ಲಿ ಒಂದು ಮದುವೆಗೆ ದೀಪ ಕಟ್ಟಲು ಹೋದೆ. ಅರಕಲಗೂಡು ನಾನು ಕಸುಬು ಕಲಿತ ಊರು. ಊಟದ ಚಪ್ಪರದಲ್ಲಿ ಏಣಿ ಹತ್ತಿ, ಓಡದೆ ನಿಂತು ಉರಿಯುವ ಬಲ್ಬುಗಳನ್ನೇ ಆಯ್ದು ಕಟ್ಟುತ್ತಿದ್ದೆ. ಕೈ ತಾನಾಗಿ ಆಯುತ್ತಿತ್ತು. ಅಲ್ಲಿ ಏಣಿಯ ಮೇಲೆ ನನಗೆ ಕಲಿಸಿದ ಮೇಸ್ತ್ರಿ ನೆನಪಾದರು.

ಕಲಿಯುವ ಕಾಲದಲ್ಲಿ ಅವರು ನನ್ನನ್ನು ರುದ್ರಪಟ್ಟಣದ ಸಂಗೀತೋತ್ಸವಕ್ಕೆ ದೀಪ ಕಟ್ಟಲು ಕಳಿಸಿದ್ದರು. ನನ್ನ ಕೈಗೆ ಬಿಟ್ಟ ಮೊದಲ ಕೆಲಸ ಅದು. ನಾನು ವೇದಿಕೆಯ ಹಿಂದಿನ ಪರದೆಗೇ ಓಡುವ ದೀಪ ಹಾಕಿಬಿಟ್ಟೆ. ಸಂಜೆ ಹಾಡಲು ಕೂತ ವಿದ್ವಾಂಸರು ಸ್ವಲ್ಪ ಹೊತ್ತು ಸಹಿಸಿದರು. ಆಮೇಲೆ ತಾಳ ಹಾಕುತ್ತಿದ್ದ ಕೈ ನಿಲ್ಲಿಸಿ, ಹಿಂದೆ ತಿರುಗಿ, "ಯಾರಪ್ಪ ಅದು? ನಿನ್ನ ದೀಪದ ತಾಳವೇ ಒಂದು, ನನ್ನ ತಾಳವೇ ಒಂದು. ಯಾರಾದರೂ ಒಬ್ಬರು ಬಿಡೋಣ," ಎಂದರು. ಸಭೆಯೆಲ್ಲ ನಕ್ಕಿತು. ಕೆಲಸ ನೋಡಲು ಬಂದಿದ್ದ ಮೇಸ್ತ್ರಿ ನಗಲಿಲ್ಲ. ದೀಪ ಆರಿಸಿ ಬಂದು ನನ್ನ ಕಿವಿ ಹಿಡಿದು ಹೇಳಿದರು: "ಬಾಗ್ಲಲ್ಲಿ ಓಡ್ಸು, ಎಲೆ ಮ್ಯಾಲೆ ನಿಲ್ಸು. ದೂರದಲ್ಲಿರೋನ್ನ ಕರೆಯೋಕೆ ಕುಣಿಯೋ ದೀಪ. ಬಂದು ಕೂತೋನಿಗೆ ಅನ್ನ ಕಾಣ್ಬೇಕು ಕಣ್ಲಾ."

ಅಂದಿನಿಂದ ಎಷ್ಟೋ ಮದುವೆಗಳಲ್ಲಿ ನಾನು ಊಟದ ಎಲೆಯ ಮೇಲೆ ದೀಪ ಮಿಟುಕಿಸಿದವನಲ್ಲ. ಪಾಯಸ ಎಲ್ಲಿದೆ, ಉಪ್ಪಿನಕಾಯಿ ಎಲ್ಲಿದೆ ಎಂದು ಯಾರೂ ತಡಕಾಡಿಲ್ಲ. ಆದರೆ ಗೌಡರು ಸ್ಕ್ಯಾನ್ ಮಾಡಿ ಒಳಗೆ ಬಂದು ಎಲೆಯ ಮುಂದೆ ಕೂತಿದ್ದರು. ಅವರ ಎಲೆಯನ್ನೇ ನಾನು ಎಳೆದುಕೊಂಡು ಓಡಿದ್ದೆ. ನನ್ನ ಕಸುಬು ನನಗೇ ಹೇಳಿಕೊಟ್ಟದ್ದನ್ನು ಹಾಸನದ ಆ ಹುಡುಗಿ ಬಾಯಿಬಿಟ್ಟು ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ತಂಗಿಯ ಊರಿಗೆ ಹೋದೆ. ಅವಳು ನರ್ಸರಿಯಲ್ಲಿ ಒಬ್ಬಳೇ ಸಸಿ ಕೀಳುತ್ತಿದ್ದಳು. ಉಳಿದ ಸಸಿಗಳನ್ನು ದೊಡ್ಡ ಕವರಿಗೆ ಹಾಕಿ ಮುಂದಿನ ಮಳೆಯವರೆಗೆ ಉಳಿಸಿಕೊಳ್ಳುವುದೆಂದು ತೀರ್ಮಾನಿಸಿದ್ದಳು. ನಾನೂ ಪಂಚೆ ಎತ್ತಿಕಟ್ಟಿ ಪಕ್ಕದಲ್ಲಿ ಕೂತೆ. ಮೊದಲ ಕವರು ಎತ್ತಿದಾಗ ಅಡಿಯಲ್ಲಿ ಬೇರು ಪಟಪಟ ಹರಿಯಿತು.

"ನಿಧಾನಕ್ಕೆ ಕಣಣ್ಣ," ಎಂದಳು.

ಎರಡನೆಯದೂ ಹರಿಯಿತು. ಮೂರನೆಯದಕ್ಕೆ ಕೈ ಹಾಕುವ ಮೊದಲು ಹೇಳಿಬಿಟ್ಟೆ. ಕಾಯಿ ಬೀಳಿಸಿದ್ದು, ನಂಬರು ಓಡಿಸಿದ್ದು, ಅವಳ ಹೆಸರು ಹೇಳಿ ಸುಳ್ಳಾಡಿದ್ದು, ಗೌಡರ ಲಾರಿ. ಒಂದನ್ನೂ ಬಿಡಲಿಲ್ಲ.

ಅವಳು ಕೈಯಲ್ಲಿದ್ದ ಸಸಿಯನ್ನು ಕೆಳಗಿಟ್ಟಳು. ಮುಖ ಕೆಂಪಗಾಯಿತು. ಬೈಗುಳ ಬಂತು ಎಂದುಕೊಂಡು ತಲೆ ತಗ್ಗಿಸಿದೆ. ಅದರಲ್ಲಿ ನನಗೆ ಅಭ್ಯಾಸವಿದೆ. ಬರಲಿಲ್ಲ.

"ಓಗ್ಲಿ ಬುಡಣ್ಣ," ಎಂದಳು. "ನಂಗೋಸ್ಕರ ಓದು ಬುಟ್ಟೋನು ನೀನು. ನಿನ್ನ ಬಯ್ಯಕ್ಕೆ ನಂಗೆ ಬಾಯಿ ಬರಕ್ಕಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಒಂದು ವರ್ಷ ಸಾಕಿದ ಸಸಿಗಳ ನಡುವೆ ಕೂತು, ನಾನು ಮಾಡದ ತ್ಯಾಗಕ್ಕೆ ಅವಳು ಬೆಲೆ ಕೊಡುತ್ತಿದ್ದಳು.

"ನಿಂಗೋಸ್ಕರ ಅಲ್ಲ ಕಣವ್ವ," ಎಂದೆ.

"ಏನು?"

"ಓದು ಬುಟ್ಟಿದ್ದು. ನಮ್ಮೂರಿಗೆ ಮೇಸ್ತ್ರಿ ಮೊದಲ್ನೇ ಸಲ ಓಡೋ ದೀಪ ತಂದಿದ್ರಲ್ಲ, ಅದ್ನ ನೋಡಿ ಮಳ್ಳಾದೆ. ಪರೀಕ್ಷೆ ದಿನ ಅವರ ಗಾಡಿ ಇಂದೆ ಓಗ್ಬುಟ್ಟೆ. ನಿನ್ ಓದು ನಂಗೆ ಗ್ಯಾನಕ್ಕೇ ಬಂದಿರ್ಲಿಲ್ಲ. ಅವ್ವ, ಅಪ್ಪ, ಊರೋರು ಎಲ್ಲಾ ನಿಂಗೋಸ್ಕರ ಅಂತ ಅಂದ್ಕಂಡ್ರು. ನಾನು ಸುಮ್ಕಿದ್ದೆ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಬಾಯಿ ಬಂತು. ಅದು ಬಂದದ್ದು ಸಣ್ಣಗಲ್ಲ. ಬೇಲಿಯ ಆಚೆ ಎಮ್ಮೆ ಕಟ್ಟುತ್ತಿದ್ದವರು ಕೆಲಸ ನಿಲ್ಲಿಸಿ ಕೇಳಿದರು. ಇಪ್ಪತ್ತು ವರ್ಷ ನನಗೆಂದು ತೆಗೆದಿಟ್ಟ ದೊಡ್ಡ ಹೋಳಿಗೆಗಳು, ಮೊದಲು ಬಡಿಸಿದ ತುಪ್ಪ, ಕಾಲೇಜಿಗೆ ಹೋಗುವಾಗ ಹಾಕಿಕೊಂಡ ಒಂದು ಜೊತೆ ಚಪ್ಪಲಿಗೂ ಪಟ್ಟ ಸಂಕೋಚ, ಎಲ್ಲವನ್ನೂ ಎತ್ತಿ ಎತ್ತಿ ಹಾಕಿದಳು. ಕೊನೆಗೆ ಉಸಿರು ಬಿಟ್ಟು ಹೇಳಿದಳು:

"ಅಂದ್ರೆ ಎರಡ್ ಸಲ ದೀಪ ನೋಡಿ ಮಳ್ಳಾದೆ, ಎರಡ್ ಸಲಾನೂ ಒಬ್ಬೊಬ್ಬ ಹೆಣ್ಮಗಳ ತಲೆಗೆ ಕಟ್ದೆ. ಎದ್ದೇಳು. ನಂಗೆ ಯೋಳಿದ್ದಾಯ್ತು. ಆ ಹುಡ್ಗಿಗೆ ಓಗಿ ಯೋಳು."

"ಫೋನಲ್ಲಿ..."

"ಮಕ ತೋರ್ಸಿ ಯೋಳ್ಬೇಕು."

ಹುಡುಗಿಗೆಂದು ಎರಡು ಸಸಿಗಳನ್ನು ಆರಿಸಿ ನನ್ನ ಕೈಗೆ ಕೊಟ್ಟಳು. ಹಾಸನದ ಬಸ್ಸಿನಲ್ಲಿ ನಾನು ನಿಂತಿದ್ದೆ, ಸಸಿಯ ಗರಿಗಳು ಮುಂದಿನ ಸೀಟಿನ ಅಜ್ಜಿಯ ತುರುಬು ಕೆದಕುತ್ತಿದ್ದವು. ಅಜ್ಜಿ ಬೈದದ್ದನ್ನೂ ಅದೇ ಲೆಕ್ಕಕ್ಕೆ ಸೇರಿಸಿಕೊಂಡೆ.

ಹುಡುಗಿ ಬಾಗಿಲು ತೆರೆದು, ನನ್ನನ್ನು ನೋಡಿ, ಸಸಿಗಳನ್ನು ನೋಡಿ, "ಇವೂ ಕುಣೀಬೇಕಾ ಅಣ್ಣ?" ಎಂದಳು.

ನಾನು ಹೇಳಬೇಕಾದ್ದನ್ನು ಬಾಗಿಲಲ್ಲೇ ಹೇಳಿದೆ. ಅವಳು ಪೂರ್ತಿ ಕೇಳಿದಳು. "ಅಕ್ಕ ಆವಾಗ್ಲೇ ಫೋನ್ ಮಾಡಿದ್ರು. ಅವ್ರು ಬೈದಿದ್ದಕ್ಕೆ ತಪ್ಪಾಯ್ತು ಅಂದ್ರು. ನಿಮ್ಮನ್ನ ಒಳಗ್ ಕರೀಬೇಡ, ಪೂರ್ತಿ ಹೇಳಿದ್ಮೇಲೆ ಕರಿ ಅಂತಾನೂ ಅಂದ್ರು. ಈಗ ಬನ್ನಿ."

ನನ್ನ ಕಣ್ಣೆದುರೇ ಕಾಯಿಗಳು ಹೋದವು, ಗರಿ ಹೋಯಿತು. ನಂಬರು ಒಂದು ಕಡೆ ನಿಂತಿತು, ದಪ್ಪಗೆ, ಮುಟ್ಟಿದರೆ ಸಾಕು ಫೋನು ಹೋಗುವ ಹಾಗೆ. ಎಲ್ಲ ಮುಗಿದ ಮೇಲೆ ಅವಳು ಕುರ್ಚಿ ನನ್ನ ಕಡೆ ತಿರುಗಿಸಿದಳು.

"ಒಂದು ಕಡೆ ಮಾತ್ರ ಅಳ್ಳಾಡ್ಬೇಕು ಅಣ್ಣ. ಆರ್ಡರ್ ಒತ್ತಿದ್ರೆ ಅದು ಬಂತು ಅಂತ ಒತ್ತಿದೋರಿಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ನಾಕ್ ನಾಕ್ ಸಲ ಒತ್ತಾರೆ. ಬಟನ್ ಹಸಿರಾಗಿ, ಅದ್ರಿಂದ ಒಂದು ಮೊಳಕೆ ಬರೋ ಹಾಗೆ ಮಾಡ್ಲಾ? ಒಂದೇ ಸಲ. ಎಷ್ಟು ಹೊತ್ತಲ್ಲಿ ಬರ್ಬೇಕು? ನಿಮ್ ಕಸುಬಲ್ವಾ, ನೀವೇ ಹೇಳಿ."

ಮೊದಲು ನಿಧಾನವಾಗಿ ಬಂತು. "ಇಷ್ಟೊತ್ತಿಗೆ ಗೌಡ್ರು ಇನ್ನೊಂದ್ಸಲ ಒತ್ಬುಡ್ತಾರೆ," ಎಂದೆ. ಬೇಗ ಮಾಡಿದಳು. "ಕಣ್ಣಿಗೇ ಕಾಣಕ್ಕಿಲ್ಲ." ದೀಪ ಓಡಿಸುವಾಗ ಎಣಿಸುವ ಹಾಗೆ ಬಾಯಲ್ಲಿ ಎಣಿಸಿದೆ. ಒಂದು ಎಂದು ಹೇಳಿ ಮುಗಿಯುವಷ್ಟರಲ್ಲಿ ಮೊಳಕೆ ಎದ್ದು ನಿಂತುಬಿಡಬೇಕು. ನಿಂತಿತು. ಮತ್ತೆ ಅಲುಗಲಿಲ್ಲ. ಕೆಳಗೆ ಅಕ್ಷರ: ನಿಮ್ಮ ಆರ್ಡರ್ ಬಂದಿದೆ, ನಾವೇ ಫೋನ್ ಮಾಡುತ್ತೇವೆ.

ಅಲ್ಲಿಂದಲೇ ಹಳೇಕೋಟೆಯ ಗೌಡರಿಗೆ ಫೋನು ಮಾಡಿ ನಿಜ ಹೇಳಿದೆ. ಅವರು ಆಗಲೇ ಬೇರೆ ಕಡೆಯಿಂದ ಸಸಿ ತಂದು ನೆಟ್ಟಾಗಿತ್ತು. ಲಾರಿ ವಾಪಸ್ಸು ಬರಲಿಲ್ಲ. ಉಳಿದ ಸಸಿಗಳನ್ನು ದೊಡ್ಡ ಕವರಿಗೆ ಹಾಕಲು ನಾನು ಮದುವೆಯ ಕೆಲಸವಿಲ್ಲದ ದಿನವೆಲ್ಲ ತಂಗಿಯ ಊರಿಗೆ ಹೋದೆ. ಬೇರು ಹರಿದವುಗಳಲ್ಲಿ ಕೆಲವು ಸತ್ತವು. ಸತ್ತದ್ದನ್ನು ಅವಳು ಬೇಕೆಂದೇ ನನ್ನ ಕೈಯಲ್ಲೇ ಎತ್ತಿ ಹಾಕಿಸಿದಳು.

ಈ ವರ್ಷದ ಮಳೆಗೆ, ತಮ್ಮ ತೋಟದಲ್ಲಿ ಸತ್ತ ಗಿಡಗಳ ಜಾಗಕ್ಕೆ ನೆಡಲೆಂದು, ಗೌಡರು ಹತ್ತು ಸಸಿಗೆ ತಾವೇ ಆರ್ಡರ್ ಒತ್ತಿದ್ದರು. ಒಂದೇ ಸಲ. ಸಸಿ ಒಯ್ಯಲು ಬಂದ ಅವರಿಗೆ ತಂಗಿ ನೀರು ಕೊಟ್ಟು ನನ್ನನ್ನು ತೋರಿಸಿ, "ಇವನೇ ನಮ್ಮಣ್ಣ, ದೀಪ ನೋಡಕ್ಕೆ ಓದು ಬುಟ್ಟೋನು," ಎಂದಳು. ಈಗ ಎಲ್ಲರಿಗೂ ಹೀಗೇ ಹೇಳುತ್ತಾಳೆ. ಗೌಡರು, "ಗೊತ್ತು ಬುಡವ್ವ, ಕಾಯಿ ಬೀಳ್ಸೋನು," ಎಂದರು. ನಾನು ತಲೆ ತಗ್ಗಿಸಲಿಲ್ಲ. ಸಸಿಗಳನ್ನು ಎತ್ತಿ ಆಟೋಗೆ ಇಟ್ಟೆ.